ಸರೋವರ ಸೀಮೆಯ ಕಾಲುದಾರಿಗಳು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಐರಿಷ್ ಸಮುದ್ರಕ್ಕೆ ಸಮೀಪದಲ್ಲಿ ಹಬ್ಬಿಕೊಂಡಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ ಮತ್ತು ಸರೋವರಗಳ ಸೀಮೆ ಎತ್ತರದ ಲೆಕ್ಕದಲ್ಲಿ ದೊಡ್ಡದೇನಲ್ಲ. ಇಡೀ ಇಂಗ್ಲೆಂಡಿಗೆ ಅತಿ ಎತ್ತರದ ಶಿಖರವಾದ ಸ್ಕಾಫೆಲ್ ಪೈಕ್ ಇಲ್ಲಿಯೇ ಇದ್ದರೂ ಅದರ ಎತ್ತರ 978 ಮೀಟರ್, ಅಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಅರ್ಧದಷ್ಟು ಮಾತ್ರ. ಆದರೂ ಮೋಜಿಗಾಗಿ, ಆರೋಗ್ಯಕ್ಕಾಗಿ, ಬರೀ ನಡೆಯುವ ಸಂತೋಷಕ್ಕಾಗಿ ಬೆಟ್ಟ ಹತ್ತುವ ರೂಢಿಯ ಇತಿಹಾಸವನ್ನು ಬರೆಯಹೊರಟವರು ಈ ಚಿಕ್ಕ ಸೀಮೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2,362 ಚದರ ಕಿಲೋಮೀಟರ್ ವಿಸ್ತಾರದ ಈ ರಾಷ್ಟ್ರೀಯ ಉದ್ಯಾನದೊಳಗೆ ಮನೆ ಮಾಡಿಕೊಂಡಿರುವವರು ಸುಮಾರು 40 ಸಾವಿರ ಮಂದಿಯಾದರೆ, ವರ್ಷವೊಂದರಲ್ಲಿ ಬಂದುಹೋಗುವವರ ಸಂಖ್ಯೆ ಒಂದೂವರೆ ಕೋಟಿಗೂ ಹೆಚ್ಚು. ಹೀಗೆ ಬಂದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ಕಾಲುದಾರಿ ಹಿಡಿದು ನಡೆಯುತ್ತಾರೆ. ಆ ದಾರಿಗೆ ಟಿಕೆಟ್ ಇಲ್ಲ, ಪರವಾನಗಿ ಇಲ್ಲ, ಹೆಸರು ಬರೆಸಬೇಕಾದ ಚೌಕಿಯೂ ಇಲ್ಲ. ನೋಡುವ ಕಣ್ಣಿಗೆ ಬೆಟ್ಟದಷ್ಟೇ ಸಹಜವಾಗಿ ಹುಟ್ಟಿಕೊಂಡಂತೆ ತೋರುವ ಈ ಹಾದಿಗಳು ನಿಜವಾಗಿ ಎರಡು ಬಗೆಯ ಶ್ರಮದಿಂದ ಉಳಿದುಕೊಂಡಿವೆ. ಹಾದಿಯನ್ನು ಮುಚ್ಚಲು ಬಂದವರ ವಿರುದ್ಧ ಜನ ನಡೆಸಿದ ಹಕ್ಕಿನ ಹೋರಾಟ ಮೊದಲನೆಯದು. ಹಾದಿಯನ್ನು ಕೊಚ್ಚಿಕೊಂಡು ಹೋಗುವ ನೀರಿನ ವಿರುದ್ಧ ಹಾರೆ, ಗುದ್ದಲಿ ಹಿಡಿದು ಇಂದಿಗೂ ನಡೆಸುತ್ತಿರುವ ದುಡಿಮೆ ಎರಡನೆಯದು.

ರಾಷ್ಟ್ರೀಯ ಉದ್ಯಾನ ಎಂಬ ಮಾತು ಕೇಳಿದೊಡನೆ ಕನ್ನಡದ ಓದುಗರ ಕಣ್ಣಮುಂದೆ ಬರುವುದು ಬಂಡೀಪುರ, ನಾಗರಹೊಳೆಗಳಂತಹ, ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಕಾಡು. ಇಂಗ್ಲೆಂಡಿನಲ್ಲಿ ಆ ಮಾತಿನ ಅರ್ಥ ಬೇರೆ. 1949ರ ಕಾಯ್ದೆಯ ಅಡಿಯಲ್ಲಿ, 1951ರಲ್ಲಿ ಘೋಷಿತವಾದ ಈ ಉದ್ಯಾನದೊಳಗೆ ಊರುಗಳಿವೆ, ಶಾಲೆಗಳಿವೆ, ಕುರಿ ಸಾಕುವ ರೈತರ ಮನೆಗಳಿವೆ, ನೆಲದ ದೊಡ್ಡ ಪಾಲು ಖಾಸಗಿಯವರದು. ಸುಮಾರು ಐದರಲ್ಲಿ ಒಂದು ಪಾಲು ನ್ಯಾಷನಲ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆಯ ಸೊತ್ತು. ಉದ್ಯಾನದ ಪ್ರಾಧಿಕಾರವು ಕಟ್ಟಡಗಳ ಮೇಲೆ, ಭೂಬಳಕೆಯ ಮೇಲೆ ನಿಯಂತ್ರಣ ಇರಿಸಿಕೊಂಡಿದೆಯೇ ಹೊರತು ಇಡೀ ನೆಲದ ಒಡೆತನ ಅದಕ್ಕಿಲ್ಲ. ಹೀಗಾಗಿ ಇಲ್ಲಿ ಕಾಲುದಾರಿ ಎಂಬುದು ಹೆಚ್ಚಿನ ಕಡೆ ಇನ್ನೊಬ್ಬರ ಜಮೀನಿನ ಮೇಲೆ ಸಾರ್ವಜನಿಕರು ಹೆಜ್ಜೆಯಿಡುವ ಅವಕಾಶವೇ ಆಗಿದೆ. ಮುಂದೆ ಹೇಳಲಿರುವ ಜಗಳಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು.

ಹಾದಿಗಳ ವಿನ್ಯಾಸವನ್ನು ಮೊದಲು ಬರೆದದ್ದು ಹಿಮ. ಆ ಹಿಮ ಕೊರೆದ ಬಂಡೆ ಮೂರು ಬಗೆಯದು. ಬೆಟ್ಟಗಳ ಉತ್ತರ ಭಾಗದಲ್ಲಿ ಸ್ಕಿಡಾ ಎಂಬ ಶಿಖರದ ಹೆಸರಿನಿಂದ ಕರೆಯಲಾಗುವ ಹಳೆಯ ಪದರುಗಲ್ಲು ಇದೆ. ನಡುಭಾಗದಲ್ಲಿ ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳು ಉಗುಳಿದ ಲಾವಾ ಮತ್ತು ಬೂದಿಯಿಂದಾದ ಗಡುಸಾದ ಬಂಡೆ ಇದೆ. ದಕ್ಷಿಣದಲ್ಲಿ ಕಡಲ ತಳದಲ್ಲಿ ಕೂಡಿ ಗಟ್ಟಿಯಾದ, ಅಷ್ಟೇನೂ ಗಡುಸಲ್ಲದ ಶಿಲೆ ಇದೆ. ಹಿಮಯುಗದ ಹಿಮನದಿಗಳು, ಅಂದರೆ ತಮ್ಮ ಭಾರಕ್ಕೆ ತಾವೇ ಇಳಿಜಾರಿನಲ್ಲಿ ಜರುಗುವ ಹಿಮದ ದಪ್ಪ ರಾಶಿಗಳು, ನಡುವಿನ ಎತ್ತರದಿಂದ ಎಲ್ಲ ದಿಕ್ಕಿಗೂ ಇಳಿದು ಅಗಲವಾದ, ಗೋಡೆ ಕಡಿದಂತಿರುವ ಕಣಿವೆಗಳನ್ನು ಕೊರೆದವು. ಆ ಕಣಿವೆಗಳ ತಳದಲ್ಲಿ ನೀರು ನಿಂತು ವಿಂಡರ್‌ಮಿಯರ್, ಅಲ್ಸ್‌ವಾಟರ್, ಡರ್ವೆಂಟ್‌ವಾಟರ್ ಮೊದಲಾದ ಉದ್ದುದ್ದ ಸರೋವರಗಳಾದವು. ಈ ಕಣಿವೆಗಳು ಒಂದೇ ಗುಂಬದಿಂದ ಹೊರಟ ಚಕ್ರದ ಅರೆಕಾಲುಗಳಂತಿವೆ ಎಂದು ಹೋಲಿಸಿದವನು ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳಿದ ಕವಿ ವರ್ಡ್ಸ್‌ವರ್ತ್. ಈ ರಚನೆಯಿಂದಾಗಿ ಪಕ್ಕದ ಕಣಿವೆಗೆ ಗಾಡಿಯಲ್ಲಿ ಹೋಗಬೇಕಾದರೆ ಬೆಟ್ಟಸಾಲನ್ನು ಬಳಸಿಕೊಂಡು ಹತ್ತಾರು ಮೈಲಿ ಸುತ್ತಬೇಕು. ನಡೆದು ಹೋಗುವವನಾದರೆ ಬೆಟ್ಟದ ನಡುವಿನ ಕಂಡಿಯನ್ನು ದಾಟಿ ಒಂದೇ ಹೊತ್ತಿನಲ್ಲಿ ಅತ್ತ ಇಳಿಯಬಹುದು. ಲೇಕ್ ಡಿಸ್ಟ್ರಿಕ್ಟಿನ ಹಳೆಯ ದಾರಿಗಳಲ್ಲಿ ಬಹುಪಾಲು ಇಂತಹ ಕಂಡಿಗಳನ್ನು ಹುಡುಕಿಕೊಂಡು ಹೋದವು.

ಆ ದಾರಿಗಳನ್ನು ತುಳಿದು ಮಾಡಿದವರಲ್ಲಿ ಯಾರೂ ಬೆಟ್ಟದ ಸೊಬಗು ನೋಡಲು ಹೊರಟವರಲ್ಲ. ಲ್ಯಾಂಗ್‌ಡೇಲ್ ಕಣಿವೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಸಿಗುವ ನಯವಾದ ಹಸಿರು ಕಲ್ಲನ್ನು ಒಡೆದು ನವಶಿಲಾಯುಗದ ಜನ ಕೊಡಲಿಗಳನ್ನು ಮಾಡುತ್ತಿದ್ದರು. ಆ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ, ಐರ್ಲೆಂಡಿನಲ್ಲಿಯೂ ದೊರೆತಿವೆ ಎಂದಮೇಲೆ ಐದು ಸಾವಿರ ವರ್ಷಗಳಿಗೂ ಹಿಂದೆಯೇ ಇಲ್ಲಿ ಬೆಟ್ಟ ಹತ್ತಿ ಇಳಿಯುವ ದಾರಿಗಳಿದ್ದಿರಲೇಬೇಕು. ರೋಮನ್ನರು ಹೈ ಸ್ಟ್ರೀಟ್ ಎಂಬ ಬೆಟ್ಟದ ನೆತ್ತಿಯ ಮೇಲೆ 800 ಮೀಟರಿಗೂ ಎತ್ತರದಲ್ಲಿ ತಮ್ಮ ಸೈನ್ಯಕ್ಕೆ ರಸ್ತೆ ಒಯ್ದರು. ಮುಂದೆ ಸ್ಕಾಂಡಿನೇವಿಯಾ ಮೂಲದ ಜನ ಬಂದು ನೆಲೆಸಿ, ಬೆಟ್ಟಕ್ಕೆ ಫೆಲ್, ಬೆಟ್ಟದ ಮಡಿಲಿನ ಪುಟ್ಟ ಕೊಳಕ್ಕೆ ಟಾರ್ನ್, ತೊರೆಗೆ ಬೆಕ್ ಎಂಬ ಹೆಸರುಗಳನ್ನು ಬಿಟ್ಟುಹೋದರು; ಇಂದಿನ ನಕ್ಷೆಯಲ್ಲಿಯೂ ಅವೇ ಹೆಸರುಗಳು ಬಳಕೆಯಲ್ಲಿವೆ. ಗಾಡಿ ಹೋಗದ ಕಂಡಿಗಳಲ್ಲಿ ಉಣ್ಣೆ, ಉಪ್ಪು, ಕಲ್ಲುಹಲಗೆಗಳನ್ನು ಸಾಗಿಸುತ್ತಿದ್ದವು ಹೇರುಗುದುರೆಗಳ ಸಾಲುಗಳು, ಮಲೆನಾಡಿನ ಘಟ್ಟದ ದಾರಿಗಳಲ್ಲಿ ಉಪ್ಪು ಹೊತ್ತು ಹತ್ತುತ್ತಿದ್ದ ಹೇರೆತ್ತುಗಳ ಕೆಲಸವೇ ಅವುಗಳದೂ. ಸೀಥ್ವೇಟ್ ಎಂಬ ಹಳ್ಳಿಯ ಮೇಲಿರುವ ಸ್ಟಾಕ್ಲಿ ಸೇತುವೆಯನ್ನು ಹತ್ತಿರದಿಂದ ನೋಡಿದರೆ ಆ ಕಾಲದ ಬಳಕೆ ತಿಳಿಯುತ್ತದೆ. ಅದು ತೊರೆಯ ಮೇಲೆ ಒಂದೇ ಕಮಾನಾಗಿ ಬಾಗಿದ, ಕುದುರೆಯೊಂದು ಹೋಗುವಷ್ಟೇ ಅಗಲದ ಕಲ್ಲುಕಟ್ಟಡ. ಇಂತಹ ಸೇತುವೆಗಳ ಅಂಚಿನ ಗೋಡೆಯನ್ನು ಬೇಕೆಂದೇ ತಗ್ಗಾಗಿ ಕಟ್ಟುತ್ತಿದ್ದರು, ಏಕೆಂದರೆ ಗೋಡೆ ಎತ್ತರವಾಗಿದ್ದರೆ ಕುದುರೆಯ ಎರಡೂ ಬದಿಗೆ ತೂಗುವ ಹೇರು ಅದಕ್ಕೆ ತಾಗುತ್ತಿತ್ತು.

ಇವುಗಳ ಜೊತೆಗೆ ಹೆಣದ ದಾರಿಗಳೂ ಇದ್ದವು. ಹೂಳುವ ಅಧಿಕಾರ ತಾಯಿಚರ್ಚಿಗೆ ಮಾತ್ರ ಇದ್ದ ಕಾಲದಲ್ಲಿ, ಒಳಕಣಿವೆಯ ಹಳ್ಳಿಗಳಲ್ಲಿ ಸತ್ತವರನ್ನು ಬೆಟ್ಟ ದಾಟಿಸಿ ಒಯ್ಯಬೇಕಾಗಿತ್ತು. ವಾಸ್ಡೇಲ್ ಹೆಡ್ ಎಂಬ ಹಳ್ಳಿಯಿಂದ ಎಸ್ಕ್‌ಡೇಲ್ ಕಣಿವೆಗೆ, ಮಾರ್ಡೇಲ್ ಹಳ್ಳಿಯಿಂದ ಶಾಪ್ ಎಂಬ ಊರಿಗೆ ಕುದುರೆಯ ಬೆನ್ನಿಗೆ ಶವ ಕಟ್ಟಿಕೊಂಡು ಜನ ನಡೆದರು. ಮಾರ್ಡೇಲಿನಿಂದ ಕೊನೆಯ ಶವ ಹೀಗೆ ಹೋದದ್ದು 1736ರಲ್ಲಿ. 1930ರ ದಶಕದಲ್ಲಿ ಮ್ಯಾಂಚೆಸ್ಟರ್ ನಗರದ ಕುಡಿಯುವ ನೀರಿಗಾಗಿ ಅಣೆಕಟ್ಟು ಎದ್ದಾಗ ಆ ಹಳ್ಳಿಯೇ ಹಾಸ್‌ವಾಟರ್ ಜಲಾಶಯದಲ್ಲಿ ಮುಳುಗಿತು. ಹಳ್ಳಿ ಹೋದರೂ ದಾರಿ ಉಳಿಯಿತು, ಈಗ ಅದರ ಮೇಲೆ ಚಾರಣಿಗರು ನಡೆಯುತ್ತಾರೆ.

ದುಡಿಮೆಯ ದಾರಿ ವಿಹಾರದ ದಾರಿಯಾಗಿ ಬದಲಾದದ್ದು ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ. ವರ್ಡ್ಸ್‌ವರ್ತ್ ಕವಿಯಾಗಿದ್ದಂತೆಯೇ ಈ ಸೀಮೆಯ ಮಾರ್ಗದರ್ಶಿ ಪುಸ್ತಕವೊಂದರ ಲೇಖಕನೂ ಆಗಿದ್ದ. ಕನ್ನಡದ ನವೋದಯ ಕವಿಗಳು ಅವನ ಕವಿತೆಯನ್ನು ಓದಿ ಬೆಳೆದವರಾದರೂ, ಆ ಪುಸ್ತಕದಲ್ಲಿ ಅವನು ಹೇಳಿದ ಇನ್ನೊಂದು ಸಂಗತಿ ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ: ನೋಡುವ ಕಣ್ಣು, ಸವಿಯುವ ಮನಸ್ಸು ಉಳ್ಳ ಪ್ರತಿಯೊಬ್ಬನಿಗೂ ಈ ಸೀಮೆಯಲ್ಲಿ ಹಕ್ಕಿದೆ, ಇದು ಒಂದು ಬಗೆಯಲ್ಲಿ ಇಡೀ ದೇಶದ ಸೊತ್ತು ಎಂಬ ವಿಚಾರವನ್ನು ಅವನು ಮುಂದಿಟ್ಟ. ಅದೇ ವರ್ಡ್ಸ್‌ವರ್ತ್ 1844ರಲ್ಲಿ ವಿಂಡರ್‌ಮಿಯರ್‌ಗೆ ರೈಲು ಬರುವುದನ್ನು ಬಲವಾಗಿ ವಿರೋಧಿಸಿದ; ಗಿರಣಿ ಊರುಗಳ ಕಾರ್ಮಿಕರ ಗುಂಪು ಬಂದರೆ ಸೀಮೆಯ ಏಕಾಂತ ಕೆಡುತ್ತದೆ ಎಂಬುದು ಅವನ ಆತಂಕ. ಅವನ ಮೊದಲ ಮಾತೇ ಸರಿ, ಎರಡನೆಯದು ಸರಿಯಲ್ಲ ಎಂದು ಇಂದು ಹೇಳಲು ಹಿಂಜರಿಯಬೇಕಿಲ್ಲ. 1847ರಲ್ಲಿ ರೈಲು ಬಂತು, ಅದರೊಡನೆ ಹೊಗೆಯ ಊರುಗಳಲ್ಲಿ ವಾರವಿಡೀ ದುಡಿದು ಒಂದು ದಿನದ ಬಿಡುವಿಗೆ ಬೆಟ್ಟಕ್ಕೆ ಬರುವ ಜನವೂ ಬಂದರು. ಮುಂದೆ ಹಾದಿಗಳ ಪರವಾಗಿ ನಿಂತ ಬಲ ಅವರದೇ ಆಗಿತ್ತು.

ಏಕೆಂದರೆ ಅಷ್ಟರಲ್ಲಿ ಹಾದಿಗಳು ಮುಚ್ಚತೊಡಗಿದ್ದವು. ಸರೋವರದ ದಡದಲ್ಲಿ ಬಂಗಲೆ ಕಟ್ಟಿಕೊಂಡ ಸಿರಿವಂತರೂ ಬೇಟೆಯ ಹಕ್ಕಿಗಳಿಗಾಗಿ ತೋಪು ಬೆಳೆಸಿದ ಜಮೀನುದಾರರೂ ತಮ್ಮ ನೆಲದ ಮೇಲೆ ಪರರು ಓಡಾಡುವುದನ್ನು ಸಹಿಸಲಿಲ್ಲ. ಕೆಸಿಕ್ ಎಂಬ ಪೇಟೆಯ ಬೆನ್ನಿಗಿರುವ, 368 ಮೀಟರ್ ಎತ್ತರದ ಲ್ಯಾಟ್ರಿಗ್ ಬೆಟ್ಟಕ್ಕೆ ಊರಿನವರು ತಲೆಮಾರುಗಳಿಂದ ಹತ್ತುತ್ತಿದ್ದ ದಾರಿಗೆ 1880ರ ದಶಕದಲ್ಲಿ ಹೀಗೆ ಅಡ್ಡಗಟ್ಟೆ ಬಿತ್ತು. ಡರ್ವೆಂಟ್‌ವಾಟರ್ ದಡದ ಫಾ ಪಾರ್ಕ್ ಎಂಬ ತೋಟದ ದಾರಿಗೂ ಅದೇ ಗತಿಯಾಯಿತು. ಊರಿನ ಕಾಲುದಾರಿ ರಕ್ಷಣಾ ಸಂಘಕ್ಕೆ ಆಗ ಮತ್ತೆ ಜೀವ ಬಂತು. ಅದರ ಮುಂದಾಳುಗಳಲ್ಲಿ ಪಾದ್ರಿಯಾದ ಹಾರ್ಡ್‌ವಿಕ್ ರಾನ್ಸ್ಲಿ, ಮಾರ್ಗದರ್ಶಿ ಪುಸ್ತಕಗಳ ಲೇಖಕನಾದ ಹೆನ್ರಿ ಇರ್ವಿನ್ ಜೆಂಕಿನ್ಸನ್ ಮುಖ್ಯರು. 1887ರ ಅಕ್ಟೋಬರ್ 1ರಂದು ಸುಮಾರು ಎರಡು ಸಾವಿರ ಜನ, ಮುನ್ಸೂಚನೆ ಕೊಟ್ಟು, ಹಗಲು ಬೆಳಕಿನಲ್ಲಿ, ಅಡ್ಡಗಟ್ಟೆಗಳನ್ನು ಕಿತ್ತುಹಾಕುತ್ತ ಲ್ಯಾಟ್ರಿಗ್ ಶಿಖರಕ್ಕೆ ನಡೆದರು. ಮರುವರ್ಷ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ ರಾಜಿಯಲ್ಲಿ ಮುಗಿಯಿತು. ಶಿಖರಕ್ಕೆ ಏರುವ ಒಂದು ದಾರಿಯ ಮೇಲೆ ಸಾರ್ವಜನಿಕರ ಹಕ್ಕನ್ನು ಜಮೀನುದಾರರು ಒಪ್ಪಿದರು, ಇನ್ನೊಂದರ ಮೇಲಿನ ಬೇಡಿಕೆಯನ್ನು ಸಂಘ ಬಿಟ್ಟುಕೊಟ್ಟಿತು. ಈ ಘಟನೆಗೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಮ್ಯಾಂಚೆಸ್ಟರ್ ಬಳಿಯ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ 1932ರಲ್ಲಿ ಕಾರ್ಮಿಕ ಯುವಕರು ನಡೆಸಿದ ನುಗ್ಗುನಡಿಗೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅದಕ್ಕಿಂತ 45 ವರ್ಷ ಮೊದಲೇ ಒಂದು ಪುಟ್ಟ ಪೇಟೆಯ ಅಂಗಡಿಕಾರರು, ಮೇಷ್ಟರುಗಳು, ಕೂಲಿಕಾರರು ಒಟ್ಟುಗೂಡಿ ಇದೇ ಕೆಲಸ ಮಾಡಿದ್ದರು.

ಒಂದೊಂದು ದಾರಿಗೂ ಹೀಗೆ ಜಗಳವಾಡುತ್ತ ಕೂತರೆ ಗೆಲ್ಲುವುದು ದುಸ್ತರ ಎಂಬ ಅರಿವು ರಾನ್ಸ್ಲಿಗೆ ಬಂದಿರಬೇಕು. ಆತ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಎಂಬಿಬ್ಬರೊಡನೆ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದ. ನೆಲವನ್ನೇ ಕೊಂಡು ಸಾರ್ವಜನಿಕರ ಪರವಾಗಿ ಇಟ್ಟುಕೊಳ್ಳುವುದು ಅದರ ಮಾರ್ಗ. ಡರ್ವೆಂಟ್‌ವಾಟರ್ ದಡದ ಬ್ರಾಂಡಲ್‌ಹೌ ಎಂಬ ತೋಪನ್ನು 1902ರಲ್ಲಿ ಚಂದಾ ಎತ್ತಿ ಕೊಂಡದ್ದು ಈ ಸೀಮೆಯಲ್ಲಿ ಅದರ ಮೊದಲ ಗಳಿಕೆ. ಮೊದಲ ಮಹಾಯುದ್ಧ ಮುಗಿದಮೇಲೆ ಬೆಟ್ಟಗಳೇ ಸ್ಮಾರಕಗಳಾದವು. ಸ್ಕಾಫೆಲ್ ಪೈಕಿನ ಶಿಖರವನ್ನು ಯುದ್ಧದಲ್ಲಿ ಮಡಿದವರ ನೆನಪಿಗಾಗಿ ಅದರ ಒಡೆಯ ಲಾರ್ಡ್ ಲೆಕನ್‌ಫೀಲ್ಡ್ 1919ರಲ್ಲಿ ದಾನ ಕೊಟ್ಟ. ಬಂಡೆ ಹತ್ತುವವರ ಒಂದು ಕ್ಲಬ್ ತನ್ನ ಸದಸ್ಯರಲ್ಲಿ ಸತ್ತವರಿಗಾಗಿ ಗ್ರೇಟ್ ಗೇಬಲ್ ಎಂಬ ಬೆಟ್ಟವನ್ನು ಮತ್ತು ಅದರ ಸುತ್ತಣ ಎತ್ತರದ ನೆಲವನ್ನು ಕೊಂಡು 1923ರಲ್ಲಿ ಟ್ರಸ್ಟಿಗೆ ಒಪ್ಪಿಸಿತು. 1924ರಲ್ಲಿ ಶಿಖರದ ಮೇಲೆ ಕಂಚಿನ ಫಲಕ ನೆಡಲಾಯಿತು. ಪ್ರತಿ ನವೆಂಬರಿನಲ್ಲಿ ಮಡಿದವರನ್ನು ನೆನೆಯುವ ಭಾನುವಾರ ನೂರಾರು ಜನ ಇಂದಿಗೂ ಅಲ್ಲಿಗೆ ಹತ್ತಿ ಮೌನವಾಗಿ ನಿಲ್ಲುತ್ತಾರೆ. ಸತ್ತವರಿಗೆ ಊರೂರಿನಲ್ಲಿ ಕಲ್ಲಿನ ಕಂಬಗಳು ಏಳುತ್ತಿದ್ದ ಹೊತ್ತಿನಲ್ಲಿ, ಎಲ್ಲರೂ ನಡೆದಾಡಬಹುದಾದ ಒಂದು ಬೆಟ್ಟವನ್ನೇ ಅವರ ಹೆಸರಿಗೆ ಬಿಟ್ಟುಕೊಟ್ಟ ಈ ಉದಾರತೆಗೆ ಸಾಟಿಯಾದದ್ದು ವಿರಳ.

ಕಾನೂನಿನ ಕಡೆಯಿಂದ ನೋಡಿದರೆ ಇಂಗ್ಲೆಂಡಿನಲ್ಲಿ ನಡೆಯುವವನಿಗೆ ಎರಡು ಬೇರೆ ಬೇರೆ ಹಕ್ಕುಗಳಿವೆ, ಇವನ್ನು ಬಿಡಿಸಿ ಹೇಳದಿದ್ದರೆ ಇಲ್ಲಿನ ನಕ್ಷೆ ಅರ್ಥವಾಗುವುದಿಲ್ಲ. ಮೊದಲನೆಯದು ಹಾದುಹೋಗುವ ಹಕ್ಕು. ಗೊತ್ತಾದ ಒಂದು ಗೆರೆಯ ಮೇಲೆ, ಅದು ಯಾರ ಹೊಲದ ನಡುವೆ ಹೋದರೂ, ಯಾರ ಅಂಗಳವನ್ನು ದಾಟಿದರೂ, ನಡೆದುಹೋಗಲು ಇರುವ ಹಕ್ಕು ಇದು. ಒಡೆಯನ ತಡೆಯಿಲ್ಲದೆ 20 ವರ್ಷ ಸತತವಾಗಿ ಜನ ತುಳಿದ ದಾರಿ ಸಾರ್ವಜನಿಕರಿಗೆ ಮೀಸಲಾಯಿತೆಂದೇ ಕಾಯ್ದೆ ಭಾವಿಸುತ್ತದೆ. 1949ರ ಕಾಯ್ದೆಯಂತೆ ಪ್ರತಿ ಜಿಲ್ಲಾಡಳಿತವೂ ಇಂತಹ ದಾರಿಗಳ ಅಧಿಕೃತ ನಕ್ಷೆಯನ್ನು ಇಟ್ಟಿರಬೇಕು. ಎರಡನೆಯದು 2000ದ ಕಾಯ್ದೆ ಕೊಟ್ಟ ಅಲೆದಾಟದ ಹಕ್ಕು. ಬೆಟ್ಟ, ಬಂಜರು, ಊರೊಟ್ಟಿನ ಮೇವುನೆಲ ಎಂದು ಗುರುತಾದ ತೆರೆದ ನೆಲದ ಮೇಲೆ ದಾರಿಯ ಗೆರೆಯನ್ನು ಬಿಟ್ಟು ಎಲ್ಲಿ ಬೇಕಾದರೂ ಕಾಲ್ನಡಿಗೆಯಲ್ಲಿ ತಿರುಗಬಹುದು. ಆದ್ದರಿಂದ ಕಣಿವೆಯ ತಳದಲ್ಲಿ, ಕಲ್ಲುಗೋಡೆಗಳ ನಡುವಿನ ಹುಲ್ಲುಗಾವಲುಗಳಲ್ಲಿ ಚಾರಣಿಗನು ಗೆರೆ ತಪ್ಪುವಂತಿಲ್ಲ. ಕೊನೆಯ ಗೋಡೆಯನ್ನು ದಾಟಿ ಫೆಲ್ ಮೇಲೆ ಕಾಲಿಟ್ಟ ಕ್ಷಣದಿಂದ ಅವನು ಸ್ವತಂತ್ರ. ಆರ್ಡ್‌ನನ್ಸ್ ಸರ್ವೆ ಎಂಬ ನಕ್ಷಾ ಸಂಸ್ಥೆಯ ನಕ್ಷೆಯಲ್ಲಿ ಹಕ್ಕಿನ ದಾರಿಗೆ ಹಸಿರು ಗೆರೆ, ನೆಲದ ಮೇಲೆ ಕಣ್ಣಿಗೆ ಕಾಣುವ ದಾರಿಗೆ ಕಪ್ಪು ಗೆರೆ ಎಳೆದಿರುತ್ತಾರೆ. ಬೆಟ್ಟದ ಮೇಲೆ ಇವೆರಡೂ ಹಲವು ಕಡೆ ಒಂದರ ಮೇಲೊಂದು ಕೂರುವುದಿಲ್ಲ. ಹಸಿರು ಗೆರೆಯನ್ನೇ ನಂಬಿ ಹೊರಟವನಿಗೆ ನೆಲದ ಮೇಲೆ ದಾರಿಯ ಗುರುತೇ ಸಿಗದಿರಬಹುದು, ಸಾವಿರಾರು ಜನ ನಡೆಯುವ ದಾರಿಗೆ ನಕ್ಷೆಯಲ್ಲಿ ಹಸಿರು ಗೆರೆಯೇ ಇಲ್ಲದಿರಬಹುದು.

ತೆರೆದ ಫೆಲ್ ಮೇಲೆ ಬಣ್ಣದ ಗುರುತುಗಳನ್ನಾಗಲಿ ಕೈಮರಗಳನ್ನಾಗಲಿ ನಿಲ್ಲಿಸುವುದಿಲ್ಲ ಎಂಬುದು ಇಲ್ಲಿನ ರೂಢಿ. ದಿಕ್ಕು ತೋರಲು ಕೆರ್ನ್ ಎಂಬ ಕಲ್ಲುಗುಪ್ಪೆಗಳಿರುತ್ತವೆ, ಉಳಿದದ್ದನ್ನು ನಕ್ಷೆ ಮತ್ತು ದಿಕ್ಸೂಚಿಯಿಂದ ನಡೆಯುವವನೇ ಕಂಡುಕೊಳ್ಳಬೇಕು. ಎಷ್ಟು ಹೊತ್ತು ಹಿಡಿದೀತು ಎಂಬುದಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಾಸ್ಡೇಲ್ ಹೆಡ್‌ನಿಂದ ಸ್ಕಾಫೆಲ್ ಪೈಕಿಗೆ ದೂರ ನಾಲ್ಕೂವರೆ ಕಿಲೋಮೀಟರಿನಷ್ಟೇ ಇದ್ದರೂ ಏರು ಸುಮಾರು 900 ಮೀಟರ್ ಇರುವುದರಿಂದ, ಬಯಲಿನಲ್ಲಿ ಒಂದು ಗಂಟೆಗೂ ಕಡಿಮೆ ಹಿಡಿಯುವ ನಡಿಗೆ ಇಲ್ಲಿ ಎರಡೂವರೆ ಗಂಟೆಯ ಹತ್ತಿರ ಬರುತ್ತದೆ, ಅದೂ ಎಲ್ಲೂ ಕೂರದೆ ನಡೆದರೆ. ಚಳಿಗಾಲದಲ್ಲಿ ಹೆಲ್ವೆಲಿನ್ ಎಂಬ 950 ಮೀಟರ್ ಎತ್ತರದ ಬೆಟ್ಟಕ್ಕೆ ಉದ್ಯಾನದ ಸಿಬ್ಬಂದಿಯೊಬ್ಬರು ದಿನವೂ ಹತ್ತಿ, ಮೇಲೆ ಹಿಮ ಎಷ್ಟಿದೆ, ಗಾಳಿ ಹೇಗಿದೆ, ಕಾಲಿಗೆ ಮುಳ್ಳಿನ ಪಟ್ಟಿ ಬೇಕೇ ಎಂಬುದನ್ನು ಕಂಡು ವರದಿ ಕೊಡುತ್ತಾರೆ. ದಾರಿ ತಪ್ಪಿದವರನ್ನು, ಬಿದ್ದವರನ್ನು ಹೊತ್ತು ತರುವ ರಕ್ಷಣಾ ತಂಡಗಳಲ್ಲಿರುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು.

ಹೀಗೆ ಗುರುತಿಲ್ಲದ ಬೆಟ್ಟಗಳನ್ನು ಸಾಮಾನ್ಯ ಓದುಗನ ಕೈಗೆ ತಂದವರು ಆಲ್ಫ್ರೆಡ್ ವೇನ್‌ರೈಟ್. ಬ್ಲ್ಯಾಕ್‌ಬರ್ನ್ ಎಂಬ ಗಿರಣಿ ಊರಿನ ಬಡ ಕುಟುಂಬದಲ್ಲಿ 1907ರಲ್ಲಿ ಹುಟ್ಟಿ, ಮುಂದೆ ಕೆಂಡಲ್ ಪೇಟೆಯ ಪುರಸಭೆಯ ಖಜಾಂಚಿಯಾದ ಇವರು 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ 214 ಫೆಲ್‌ಗಳನ್ನು ವರ್ಣಿಸಿದರು. ಅಚ್ಚಿನ ಮೊಳೆಗಳನ್ನೇ ಬಳಸದೆ, ಬರಹ, ನಕ್ಷೆ, ಚಿತ್ರ ಎಲ್ಲವನ್ನೂ ಕೈಯಲ್ಲೇ ಬರೆದು ಆ ಪುಟಗಳನ್ನೇ ಮುದ್ರಿಸಿದ ಪುಸ್ತಕಗಳಿವು. ವಾರಾಂತ್ಯದಲ್ಲಿ ಬಸ್ಸು ಹಿಡಿದು ಹೋಗಿ ನಡೆದು, ಸಂಜೆಗಳಲ್ಲಿ ಕೂತು ಬರೆದ ಈ ದುಡಿಮೆ ಲಕ್ಷಾಂತರ ಜನರಿಗೆ ದಾರಿ ತೋರಿಸಿತು. 214 ಬೆಟ್ಟಗಳನ್ನೂ ಹತ್ತಿ ಮುಗಿಸುವುದು ಈಗ ಒಂದು ವ್ರತದಂತಾಗಿದೆ. ಅವರೇ 1973ರಲ್ಲಿ ರೂಪಿಸಿದ, ಪಶ್ಚಿಮದ ಸೇಂಟ್ ಬೀಸ್‌ನಿಂದ ಪೂರ್ವದ ರಾಬಿನ್ ಹುಡ್ಸ್ ಬೇವರೆಗಿನ ಸುಮಾರು 300 ಕಿಲೋಮೀಟರಿನ ಕಡಲಿಂದ ಕಡಲಿಗೆ ಹೋಗುವ ದಾರಿಯನ್ನು ರಾಷ್ಟ್ರೀಯ ಕಾಲುದಾರಿಯನ್ನಾಗಿ ಮಾಡುವುದಾಗಿ ಸರ್ಕಾರ 2022ರಲ್ಲಿ ಪ್ರಕಟಿಸಿತು.

ಹಾದಿಯನ್ನು ಪ್ರೀತಿಸಿ ಬರುವ ಹೆಜ್ಜೆಗಳೇ ಹಾದಿಯನ್ನು ಸವೆಸುತ್ತವೆ ಎಂಬುದು ಇಲ್ಲಿ ಕಣ್ಣಾರೆ ಕಾಣುವ ಸತ್ಯ. ಮೊದಲು ಕೆಲವು ನೂರು ಕಾಲುಗಳು ತುಳಿದಾಗ ಹುಲ್ಲು ಸಾಯುತ್ತದೆ. ಎತ್ತರದಲ್ಲಿ ಚಳಿ ಹೆಚ್ಚು, ಬೆಳೆಯುವ ಋತು ಗಿಡ್ಡ, ಸತ್ತ ಹುಲ್ಲು ಮತ್ತೆ ಚಿಗುರುವ ಮೊದಲೇ ಮತ್ತಷ್ಟು ಕಾಲು ಬೀಳುತ್ತವೆ. ಬೇರಿನ ಹಿಡಿತ ತಪ್ಪಿದ ತೆಳು ಮಣ್ಣಿನ ಮೇಲೆ ಮಳೆ ಬಿದ್ದಾಗ ನೀರು ಹಾದಿಯನ್ನೇ ಕಾಲುವೆ ಮಾಡಿಕೊಂಡು ಹರಿದು ಮಣ್ಣನ್ನು ಒಯ್ಯುತ್ತದೆ, ಉಳಿಯುವುದು ಕಾಲು ಜಾರುವ ಉರುಟು ಕಲ್ಲು. ಅದರ ಮೇಲೆ ನಡೆಯಲಾರದೆ ಜನ ಪಕ್ಕದ ಹುಲ್ಲಿಗೆ ಸರಿಯುತ್ತಾರೆ, ಅಲ್ಲಿಯೂ ಇದೇ ಕತೆ ಮೊದಲಿನಿಂದ ನಡೆಯುತ್ತದೆ. ಒಬ್ಬರು ನಡೆಯುವಷ್ಟಿದ್ದ ದಾರಿ ಹತ್ತಾರು ಮೀಟರ್ ಅಗಲಕ್ಕೆ ಹರಡಿ, ಆಳದ ಕೊರಕಲಾಗಿ, ಎದುರು ಬೆಟ್ಟದಿಂದ ನೋಡಿದರೂ ಎದ್ದು ಕಾಣುವ ಬಿಳಿಯ ಗಾಯವಾಗುತ್ತದೆ. ಇದು ನೋಟಕ್ಕೆ ಮಾತ್ರ ಸಂಬಂಧಿಸಿದ ಹಾನಿಯಲ್ಲ. ಕೊಚ್ಚಿಹೋದ ಮಣ್ಣು ತೊರೆಗಳ ಮೂಲಕ ಸರೋವರ ಸೇರಿ ತಳದ ಜಲ್ಲಿಯನ್ನು ಮುಚ್ಚುತ್ತದೆ. ಆ ಜಲ್ಲಿಯಲ್ಲಿ ಮೊಟ್ಟೆಯಿಡುವ ಮೀನುಗಳಿಗೆ ನೆಲೆ ತಪ್ಪುತ್ತದೆ. ಹಿಮಯುಗದ ಕಾಲದಿಂದ ಉಳಿದುಬಂದ ವೆಂಡೇಸ್ ಎಂಬ ಅಪರೂಪದ ಮೀನು ಬ್ಯಾಸೆಂತ್ವೇಟ್ ಸರೋವರದಿಂದ ಕಣ್ಮರೆಯಾಗಲು ಹೂಳೂ ಒಂದು ಕಾರಣ; ಹೊಲಗಳಿಂದ ಬಂದ ಗೊಬ್ಬರ, ಹೊರಗಿನಿಂದ ಬಂದ ಮೀನುಗಳು ಇನ್ನು ಕೆಲವು ಕಾರಣಗಳು.

ಮಳೆಯ ಪ್ರಮಾಣ ಕೇಳಿದರೆ ಮಲೆನಾಡಿನವರಿಗೆ ಹೆಚ್ಚೆನಿಸಲಾರದು. ಇಂಗ್ಲೆಂಡಿನಲ್ಲಿ ಜನವಸತಿಯಿರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೀಥ್ವೇಟಿನಲ್ಲಿ ವರ್ಷಕ್ಕೆ ಸುಮಾರು 3,300 ಮಿಲಿಮೀಟರ್. ಆಗುಂಬೆಯಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತದೆ. ಆದರೆ ಆಗುಂಬೆಯ ಮಳೆ ಕಾಡಿನ ಛಾವಣಿಯ ಮೇಲೆ, ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಇಲ್ಲಿ ಮರವಿಲ್ಲದ ಬೋಳು ಇಳಿಜಾರಿನ ಮೇಲೆ ಹನ್ನೆರಡು ತಿಂಗಳೂ ಬೀಳುತ್ತದೆ, ನೆಲ ಒಣಗಿ ಚೇತರಿಸಿಕೊಳ್ಳುವ ಬಿಡುವೇ ಇರುವುದಿಲ್ಲ. 2015ರ ಡಿಸೆಂಬರಿನಲ್ಲಿ ಡೆಸ್ಮಂಡ್ ಎಂದು ಹೆಸರಿಟ್ಟ ಬಿರುಗಾಳಿ ಬಂದಾಗ ಹಾನಿಸ್ಟರ್ ಕಂಡಿಯಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಮಳೆ ಸುರಿದು, ಬ್ರಿಟನ್ನಿನ ದಾಖಲೆಯಾಯಿತು. ಸೇತುವೆಗಳೂ ಹಾದಿಗಳೂ ಕೊಚ್ಚಿಹೋದವು. ಹಳೆಯ ರೈಲುಮಾರ್ಗದ ಮೇಲೆ ಕೆಸಿಕ್‌ನಿಂದ ಥ್ರೆಲ್ಕೆಲ್ಡ್‌ಗೆ ಹೋಗುತ್ತಿದ್ದ ಸಮತಟ್ಟಾದ ಕಾಲುದಾರಿ ಮತ್ತೆ ತೆರೆದದ್ದು 2020ರ ಕೊನೆಯಲ್ಲಿ. ಅದಕ್ಕೆ ಡಾಂಬರು ಹಾಕಿದ್ದಕ್ಕೆ ಕೆಲವರು ಆಕ್ಷೇಪಿಸಿದರು. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಗುವಿನ ತಳ್ಳುಗಾಡಿಯವರಿಗೆ ಈ ಸೀಮೆಯಲ್ಲಿ ಇರುವ ದಾರಿಗಳೇ ಕೆಲವು ಎಂಬುದನ್ನು ನೆನೆದರೆ ಆ ಆಕ್ಷೇಪಕ್ಕೆ ಬಲವಿಲ್ಲ.

ಎತ್ತರದ ಹಾದಿಗಳ ದುರಸ್ತಿ ಬೇರೆಯೇ ಒಂದು ವಿದ್ಯೆ. ನ್ಯಾಷನಲ್ ಟ್ರಸ್ಟ್, ಉದ್ಯಾನದ ಪ್ರಾಧಿಕಾರ ಮೊದಲಾದವು ಕೂಡಿ ನಡೆಸುವ ಫಿಕ್ಸ್ ದ ಫೆಲ್ಸ್ ಎಂಬ ಯೋಜನೆಯು ಮುನ್ನೂರಕ್ಕೂ ಹೆಚ್ಚು ಬೆಟ್ಟದ ಹಾದಿಗಳನ್ನು, ಒಟ್ಟು ಸುಮಾರು 660 ಕಿಲೋಮೀಟರ್ ಉದ್ದವನ್ನು, ನೋಡಿಕೊಳ್ಳುತ್ತದೆ. ತೀರ ಕಡಿದಾದ ಕಡೆ ಮಾಡುವ ಕೆಲಸಕ್ಕೆ ಪಿಚಿಂಗ್ ಎನ್ನುತ್ತಾರೆ. ಸಿಮೆಂಟಿಲ್ಲದೆ ಕಲ್ಲನ್ನು ನೆಲಕ್ಕೆ ನಾಟಿ ಮೆಟ್ಟಿಲಿನಂತಹ ಹಾಸು ಮಾಡುವುದು ಅದರ ತಿರುಳು. ಬೆಟ್ಟದಿಂದಲೇ ಆಯ್ದ, ಬಣ್ಣ ಮತ್ತು ಜಾತಿಯಲ್ಲಿ ಅಲ್ಲಿನ ನೆಲಕ್ಕೆ ಹೊಂದುವ ಕಲ್ಲುಗಳನ್ನು ದೊಡ್ಡ ಚೀಲಗಳಲ್ಲಿ ತುಂಬಿ, ವಾಹನ ಹತ್ತದ ಜಾಗವಾದ್ದರಿಂದ ಹೆಲಿಕಾಪ್ಟರಿನಲ್ಲಿ ಇಳಿಸುತ್ತಾರೆ. ಕೆಲಸ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ, ಏಕೆಂದರೆ ಮೇಲಿನ ಕಲ್ಲು ಕೆಳಗಿನದಕ್ಕೆ ಒರಗಿ ನಿಲ್ಲಬೇಕು. ಕಲ್ಲಿನ ಉದ್ದದ ಬದಿ ಮಣ್ಣಿನೊಳಗೆ ಹೋಗುತ್ತದೆ. ಮೇಲೆ ಕಾಣುವುದು ಒಂದು ಪುಟ್ಟ ಮುಖ ಮಾತ್ರ, ಉಳಿದ ಒಡಲೆಲ್ಲ ಹೂತಿರುತ್ತದೆ. ಸಂದುಗಳು ಒಂದೇ ಗೆರೆಯಲ್ಲಿ ಬರದಂತೆ ಜೋಡಿಸಿ, ನಡುವೆ ಚಿಕ್ಕ ಕಲ್ಲುಗಳನ್ನು ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಹಾದಿಗೆ ಅಡ್ಡಲಾಗಿ, ಓರೆಯಾಗಿ ಕಲ್ಲಿನ ಬಸಿಗಾಲುವೆಗಳನ್ನು ಇಟ್ಟು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಇಡೀ ದಿನ ದುಡಿದರೂ ಒಬ್ಬ ಕೆಲಸಗಾರ ಮುಗಿಸುವುದು ಕೆಲವೇ ಮೀಟರ್. ಇಳಿಜಾರು ಕಡಿಮೆಯಿರುವಲ್ಲಿ ಕಲ್ಲು ಹಾಸದೆ, ಪಕ್ಕದಲ್ಲಿ ಚರಂಡಿ ತೋಡಿ ಅಡಿಯ ಗಟ್ಟಿ ಮಣ್ಣನ್ನು ಮೇಲೆ ತಂದು ಹರಡಿ ದಾರಿ ಮಾಡುತ್ತಾರೆ. ಪೀಟ್ ಎಂಬ, ಅರೆಕೊಳೆತ ಸಸ್ಯಗಳಿಂದಾದ ಜೌಗು ಕಪ್ಪುಮಣ್ಣಿನ ಕೆಲವು ಕಡೆ ಕುರಿಯ ಉಣ್ಣೆಯನ್ನು ದಪ್ಪವಾಗಿ ಹಾಸಿ ಅದರ ಮೇಲೆ ದಾರಿ ಮಾಡಿರುವುದೂ ಉಂಟು. ಹರ್ಡ್‌ವಿಕ್ ಎಂಬ ಇಲ್ಲಿನ ಬೂದುಬಣ್ಣದ ಕುರಿಯ ಒರಟು ಉಣ್ಣೆಗೆ ಮಾರುಕಟ್ಟೆಯಲ್ಲಿ ಬೆಲೆ ತೀರ ಕಡಿಮೆ, ಹಾಗಾಗಿ ಅದಕ್ಕೆ ಇದೊಂದು ಒಳ್ಳೆಯ ಬಳಕೆ.

ಈ ಕಲ್ಲುಹಾಸು ಬೆಟ್ಟದ ಕಾಡುತನವನ್ನು ಕೆಡಿಸುತ್ತದೆ, ಅದು ಪೇಟೆಯ ಹೂದೋಟದ ಮೆಟ್ಟಿಲಿನಂತೆ ಕಾಣುತ್ತದೆ ಎಂದು ದೂರುವವರಿದ್ದಾರೆ. ಇಳಿಯುವಾಗ ಮಂಡಿ ನೋಯುತ್ತದೆ, ಒದ್ದೆಯಾದಾಗ ಕಲ್ಲು ಜಾರುತ್ತದೆ ಎನ್ನುವ ಹಳೆಯ ಚಾರಣಿಗರೂ ಇದ್ದಾರೆ. ಎರಡನೆಯ ದೂರಿನಲ್ಲಿ ಹುರುಳಿದೆ. ಮೆಟ್ಟಿಲು ಕಾಲಿಗೆ ಹಿತವಾಗಿರದಿದ್ದರೆ ಜನ ಮತ್ತೆ ಪಕ್ಕದ ಹುಲ್ಲಿಗೆ ಇಳಿಯುತ್ತಾರೆ, ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದಲೇ ಒಳ್ಳೆಯ ತಂಡಗಳು ಹಾದಿಯನ್ನು ನೇರ ಏರಿಸದೆ ಬಳಸಿ ಒಯ್ದು, ಪಕ್ಕದ ನೆಲವನ್ನು ದಿಬ್ಬ–ಬಂಡೆಗಳಿಂದ ಒರಟು ಮಾಡಿ, ಕಾಲು ತಾನಾಗಿ ಕಲ್ಲಿನ ಮೇಲೆಯೇ ಬೀಳುವಂತೆ ನೋಡಿಕೊಳ್ಳುತ್ತವೆ. ಮೊದಲನೆಯ ದೂರಿಗೆ ಮಾತ್ರ ಬೆಟ್ಟವೇ ಉತ್ತರ ಕೊಡುತ್ತದೆ: ಹೇರುಗುದುರೆಗಳ ಕಾಲದಲ್ಲಿಯೇ ಇಲ್ಲಿ ಕಲ್ಲು ನಾಟಿದ ದಾರಿಗಳಿದ್ದವು. ಇದು ಮನುಷ್ಯನ ಕೈ ಸೋಕದ ನೆಲವಲ್ಲ. 2017ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ನಿಸರ್ಗದ ತಾಣವೆಂದಲ್ಲ, ಕುರಿಗಾರರ ಬದುಕು ರೂಪಿಸಿದ ಸಾಂಸ್ಕೃತಿಕ ಭೂದೃಶ್ಯವೆಂದು. ಬೇಲಿಯಿಲ್ಲದ ಬೆಟ್ಟದ ಮೇಲೆ ತಾಯಿಕುರಿಯಿಂದ ಮರಿ ತನ್ನ ಮಂದೆಯ ಎಲ್ಲೆಯನ್ನು ಕಲಿತು, ಜೀವಮಾನವಿಡೀ ಅದನ್ನು ಬಿಟ್ಟು ಹೋಗದಿರುವ ಪದ್ಧತಿ ಇಲ್ಲಿದೆ. ಚಾರಣಿಗರ ನಾಯಿ ಬೆದರಿಸಿ ಓಡಿಸಿದರೆ ಕೆಡುವುದು ತಲೆಮಾರುಗಳಿಂದ ಬಂದ ಈ ಕಲಿಕೆ. ಬಾಗಿಲು ಹಾಕಿಕೊಂಡು ಹೋಗಿ, ನಾಯಿಗೆ ಹಗ್ಗ ಕಟ್ಟಿ ಎಂಬ ರೈತರ ಬೇಡಿಕೆಯನ್ನು ಸಿಡುಕು ಎಂದು ತಳ್ಳಿಹಾಕುವುದು ಅನ್ಯಾಯ.

ಹಾಸಿದ ಕಲ್ಲೂ ತಾನಾಗಿ ಉಳಿಯುವುದಿಲ್ಲ. ಬಸಿಗಾಲುವೆಯೊಂದರಲ್ಲಿ ಜಲ್ಲಿ ತುಂಬಿಕೊಂಡರೆ ಮುಂದಿನ ಮಳೆಯ ನೀರು ಅದನ್ನು ಹಾರಿ, ಮೆಟ್ಟಿಲಿನ ಬುಡದ ಮಣ್ಣನ್ನು ತೊಳೆದು, ಒಂದು ಕಲ್ಲನ್ನು ಸಡಿಲಿಸುತ್ತದೆ; ಒಂದು ಸಡಿಲವಾದರೆ ಅದಕ್ಕೆ ಒರಗಿದ್ದ ಮೇಲಿನವೂ ಸಡಿಲವಾಗುತ್ತವೆ. ಅದಕ್ಕಾಗಿಯೇ ಲೆಂಗ್ತ್ಸ್‌ಮನ್ ಎಂಬ ಹಳೆಯ ರಸ್ತೆಗಾವಲಿನವರ ಹೆಸರನ್ನೇ ಇಟ್ಟುಕೊಂಡ ಸ್ವಯಂಸೇವಕರು ಸನಿಕೆ ಹೊತ್ತು ಬೆಟ್ಟ ಹತ್ತಿ, ಕಾಲುವೆಗಳನ್ನು ಬಳಿದು, ಹಾದಿಗೆ ಉರುಳಿದ ಕಲ್ಲುಗಳನ್ನು ತೆಗೆದು, ಚಾರಣಿಗರು ಹಾದಿಯಿಂದಲೇ ಕಿತ್ತು ಪೇರಿಸಿದ ಅನಗತ್ಯ ಗುಪ್ಪೆಗಳನ್ನು ಕೆಡವಿ, ಕೆಟ್ಟದ್ದನ್ನು ವರದಿ ಮಾಡುತ್ತಾರೆ. ಈ ಇಡೀ ವ್ಯವಸ್ಥೆಯ ಹಣ ಬಹುಮಟ್ಟಿಗೆ ದೇಣಿಗೆ ಮತ್ತು ಅವಧಿ ಮುಗಿದೊಡನೆ ನಿಲ್ಲುವ ಅನುದಾನಗಳಿಂದ ಬರುತ್ತದೆ. ಇಂಗ್ಲೆಂಡಿನ ಕಾಯ್ದೆಯ ದೃಷ್ಟಿಯಲ್ಲಿ ಅಧಿಕೃತ ನಕ್ಷೆಯ ಕಾಲುದಾರಿ ಹೆದ್ದಾರಿಯ ಸಾಲಿಗೇ ಸೇರುತ್ತದೆ, ಅದರ ನೆಲಗಟ್ಟನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಆಡಳಿತದ್ದು. ಆದರೆ ಅಲೆದಾಟದ ಹಕ್ಕಿರುವ ತೆರೆದ ನೆಲದ ಮೇಲೆ ಜನರೇ ತುಳಿದು ಮಾಡಿದ, ಹಸಿರು ಗೆರೆಯಿಲ್ಲದ ಹಾದಿಗೆ ಅಂತಹ ಹೊಣೆಗಾರರು ಯಾರೂ ಇಲ್ಲ. ನಡೆಯುವ ಹಕ್ಕನ್ನು ಕೊಟ್ಟ 2000ದ ಕಾಯ್ದೆಯೇ ಈ ಹಾದಿಗಳ ದುರಸ್ತಿಗೂ ವರ್ಷವರ್ಷದ ಹಣವನ್ನು ಗೊತ್ತುಮಾಡಬೇಕಿತ್ತು. ಅದನ್ನು ಈಗಲಾದರೂ ಮಾಡಬೇಕಾದದ್ದು ಸಂಸತ್ತು. ಅಲ್ಲಿಯವರೆಗೆ ಸನಿಕೆಯವರ ಸುತ್ತು ಹೀಗೆಯೇ ನಡೆಯಬೇಕಾಗುತ್ತದೆ.